ಎದೆಯ ಮೇಲಿನ ಉಪ್ಪು

ಉಪ್ಪಕ್ಕ ತನ್ನ ಗಂಡನ ಹೆಣವನ್ನು ತಾನೇ ತೊಳೆದಳು.

ಗಂಡ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿದ್ದ. ತೊಗಲುಗಳನ್ನು ತುಂಬಿ ತಿರುಗಿಸುವ ದೊಡ್ಡ ಮರದ ಪೀಪಾಯಿಗೆ ಅವನ ತೋಳು ಸಿಕ್ಕಿತು. ತೋಳಿನ ಹಿಂದೆಯೇ ಅವನೂ ಹೋದ. ಯಂತ್ರ ನಿಲ್ಲಿಸುವಷ್ಟರಲ್ಲಿ ಮುಖವೊಂದನ್ನು ಬಿಟ್ಟರೆ ನೆಟ್ಟಗೆ ಉಳಿದದ್ದು ಏನೂ ಇರಲಿಲ್ಲ. "ನೀನು ನೋಡಬೇಡ, ಬೇರೆ ಯಾರಾದ್ರೂ ತೊಳೀಲಿ" ಎಂದು ಅಕ್ಕಪಕ್ಕದವರು ತಡೆದರು.

"ಬದುಕಿದ್ದಾಗ ಇವನು ನನ್ನ ಮೈಮೇಲೆ ಮಾಡಿದ್ದನ್ನೆಲ್ಲ ನಾನು ನೋಡಿಲ್ವಾ? ಇವನ ಮೈಮೇಲೆ ಆಗಿದ್ದನ್ನೂ ನೋಡ್ತೀನಿ, ಬಿಡಿ" ಅಂದಳು ಅವಳು. ರವಿಕೆಯ ತೋಳು ಮಡಚಿ ಬಕೆಟ್ಟಿಗೆ ನೀರು ಬಿಟ್ಟಳು.

ಅವಳು ಹೇಳಿದ್ದು ಸುಳ್ಳಲ್ಲ. ಗಂಡ ವಾರಪೂರ್ತಿ ಕುಡಿಯುತ್ತಿದ್ದ, ಭಾನುವಾರ ಮಾತ್ರ ಕುಡಿಯುತ್ತಿರಲಿಲ್ಲ. ಅವತ್ತು ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಹೋಗಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ಮನೆಗೆ ಬಂದವನೇ ಬಾಗಿಲು ಹಾಕಿ, ಕುಡಿಯದ ದಿನದ ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಿದ್ದ. ಬೆಲ್ಟನ್ನು ತಾನೇ ಹದ ಮಾಡಿದ ತೊಗಲಿನಿಂದ ಮಾಡಿಸಿಕೊಂಡಿದ್ದ. ಹೊಡೆಯುತ್ತಿದ್ದದ್ದು ಬಕಲ್ ಇರುವ ತುದಿಯಿಂದ. ಒಮ್ಮೆ ಅವಳ ಕೊರಳೆಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಎಡಗೈ ಭುಜದ ಮೇಲಕ್ಕೆ ಏಳಲಿಲ್ಲ. ಮಗ ಮೇಜಿನ ಕೆಳಗೆ ಕೂತು ಇದನ್ನೆಲ್ಲ ನೋಡಿಕೊಂಡೇ ಬೆಳೆದ.

ಹೆಣ ತೊಳೆಯುವ ಕೆಲಸ ಅವಳಿಗೆ ಅತ್ತೆಯಿಂದ ಬಂದದ್ದು. ಚರ್ಚಿನ ಹಿಂಬದಿ ಗೋಡೆಗೆ ಆನಿಸಿ ಕಟ್ಟಿದ ತಗಡಿನ ಕೋಣೆಯೊಂದಿತ್ತು. ಒಳಗೆ ನಡುವೆ ಸ್ವಲ್ಪ ತಗ್ಗಾದ ಉದ್ದನೆಯ ಕಲ್ಲಿನ ಮೇಜು, ಒಂದು ನಲ್ಲಿ, ನೀರು ಕಾಯಿಸುವ ಒಲೆ, ಗೂಟಕ್ಕೆ ನೇತುಹಾಕಿದ ಟವಲುಗಳು. ಅತ್ತೆ ಹೇಳಿಕೊಟ್ಟ ಕ್ರಮ ಸುಲಭ. ಮೊದಲು ದವಡೆ ಕಟ್ಟಬೇಕು, ಹೆಣ ಸೆಟೆದುಕೊಂಡ ಮೇಲೆ ಬಾಯಿ ಮುಚ್ಚುವುದಿಲ್ಲ. ಆಮೇಲೆ ಕಣ್ಣು, ಆಮೇಲೆ ಉಗುರುಬೆಚ್ಚಗಿನ ನೀರು, ಮುಖದಿಂದ ಶುರುಮಾಡಿ ಪಾದಕ್ಕೆ. ತೋಳು ಬಗ್ಗದಿದ್ದರೆ ಎಳೆಯಬಾರದು, ಕೀಲನ್ನು ತಿಕ್ಕಿ ತಿಕ್ಕಿ ಒಪ್ಪಿಸಬೇಕು. ಬಟ್ಟೆ ತೊಡಿಸಿ ತಲೆ ಬಾಚಿದ ಮೇಲೆ ಕೊನೆಗೆ, ಒಂದು ಪುಟ್ಟ ಪಿಂಗಾಣಿ ತಟ್ಟೆಯಲ್ಲಿ ಹಿಡಿ ಕಲ್ಲುಪ್ಪು ಹಾಕಿ ಎದೆಯ ಮೇಲಿಡಬೇಕು. ಮಣ್ಣಿಗಿಳಿಸುವ ಮುಂಚೆ ತೆಗೆದರಾಯಿತು.

"ಇದು ಯಾಕೆ ಅತ್ತೆ?" ಎಂದು ಅವಳು ಮದುವೆಯಾದ ಹೊಸದರಲ್ಲಿ ಕೇಳಿದ್ದಳು.

"ನಮ್ಮ ಹಳಬರು ಕ್ರಿಸ್ತನ ಹೆಸರು ಕೇಳೋಕೂ ಮುಂಚೆ ದೆವ್ವ ಹತ್ರ ಬರಬಾರದು ಅಂತ ಇಡ್ತಿದ್ರಂತೆ."

"ನೀವು ಯಾಕೆ ಇಡ್ತೀರಿ?"

"ನಮ್ಮತ್ತೆ ಇಡ್ತಿದ್ಲು, ಅದಕ್ಕೆ. ಬಾಯಿ ಮುಚ್ಕೊಂಡು ಕಾಲು ಹಿಡ್ಕೋ."

ಸೊಸೆಗೆ ಬರಬರುತ್ತಾ ತನ್ನದೇ ಒಂದು ಕಾರಣ ಹೊಳೆಯಿತು. ಸತ್ತವರ ಮನೆಯವರು ಹೆಣದ ಎದೆಯನ್ನೇ ದಿಟ್ಟಿಸುತ್ತಾರೆ. ಏರಿಳಿದಂತೆ ಅವರ ಕಣ್ಣಿಗೆ ಭಾಸವಾಗುತ್ತದೆ. ತಟ್ಟೆ ಇಟ್ಟು, ಉಪ್ಪಿನ ಒಂದು ಹರಳೂ ಅಲುಗದಿರುವುದನ್ನು ಕಂಡಾಗ, ಉಸಿರಿಲ್ಲ ಎನ್ನುವುದು ಅವರ ಒಳಗಿಳಿಯುತ್ತದೆ. ಆಗ ಗಟ್ಟಿಯಾಗಿ ಅಳುತ್ತಾರೆ. ಅಳಬೇಕಾದದ್ದೇ ಅಲ್ಲವೇ?

ಹೀಗೆ ಅವಳ ನಿಜವಾದ ಹೆಸರು ಮರೆತುಹೋಗಿ ಉಪ್ಪಕ್ಕ ಎಂಬುದೇ ನಿಂತಿತು. ಮಕ್ಕಳು ಹಠ ಮಾಡಿದರೆ ತಾಯಂದಿರು "ಉಪ್ಪಕ್ಕನ್ನ ಕರೀತೀನಿ ನೋಡು" ಎಂದು ಹೆದರಿಸುತ್ತಿದ್ದರು. "ಕರೀರಿ ಕರೀರಿ, ಇವತ್ತಲ್ಲ ನಾಳೆ ಎಲ್ಲರೂ ಕರೆಯೋರೇ" ಎಂದು ಅವಳು ನಗುತ್ತಾ ದಾಟಿಹೋಗುತ್ತಿದ್ದಳು. ಉಪ್ಪಿಡುವುದು ತಪ್ಪೇನೋ ಎಂಬ ಅನುಮಾನ ಅವಳಿಗೂ ಬಂದು, ಹಳೆಯ ಪಾದ್ರಿಗಳನ್ನು ಒಮ್ಮೆ ಕೇಳಿದ್ದಳು. ಅವರು ಕೆಮ್ಮುತ್ತಾ, "ಗೋಧಿಗೆ ತನ್ನನ್ನ ಬಿತ್ತಿದವನ ಹೆಸರು ಗೊತ್ತಿರಲ್ಲ ಮಗಳೇ. ವಿಗ್ರಹದ ಮುಂದಿಟ್ಟ ಮಾಂಸ ತಿನ್ನಬಹುದಾ ಬಾರದಾ ಅಂತ ಮೊದಲ ಕಾಲದ ವಿಶ್ವಾಸಿಗಳೇ ಕಿತ್ತಾಡಿದ್ದಾರೆ. ಈ ಜಗಳ ನಿನ್ನಿಂದ ಶುರುವಾಗಿದ್ದಲ್ಲ, ನಿನ್ನಿಂದ ಮುಗಿಯೋದೂ ಇಲ್ಲ. ಹೋಗಿ ಕೆಲಸ ನೋಡು" ಅಂದಿದ್ದರು. ಅವರು ತೀರಿಕೊಂಡಾಗ ಅವರ ಎದೆಯ ಮೇಲೂ ಉಪ್ಪಿಟ್ಟವಳು ಅವಳೇ.

ಹೊಸ ಪಾದ್ರಿ ಬಂದಾಗ ಉಪ್ಪಕ್ಕನ ಮಗ ಅಪ್ಪನ ದಾರಿಯಲ್ಲೇ ಅರ್ಧ ಹೋಗಿದ್ದ. ಅದೇ ಕಾರ್ಖಾನೆ, ಅದೇ ಸಾರಾಯಿ. ಒಂದು ಸಂಜೆ ಕುಡಿದು ಬಂದು ಅಮ್ಮನ ಮೇಲೆ ಕೈ ಎತ್ತಿ, ಎತ್ತಿದ ಕೈಯನ್ನೇ ನೋಡುತ್ತಾ ನಿಂತುಬಿಟ್ಟ. ಹೊರಗೆ ಓಡಿಹೋಗಿ ಚರಂಡಿ ಪಕ್ಕ ಬಿದ್ದಿದ್ದವನನ್ನು ಎತ್ತಿಕೊಂಡು ಹೋದದ್ದು ಆ ಪಾದ್ರಿ. ಕುಡಿತ ಬಿಡುವಾಗಿನ ನಡುಕ, ವಾಂತಿ, ಗೋಡೆಗೆ ತಲೆ ಚಚ್ಚಿಕೊಳ್ಳುವುದು ಎಲ್ಲವನ್ನೂ ಪಕ್ಕದಲ್ಲೇ ಕೂತು ನೋಡಿಕೊಂಡದ್ದೂ ಅವರೇ. ಬಡಕಲು ಮೈಯ, ಇನ್ನೂ ಮೂವತ್ತೂ ದಾಟದ ಮನುಷ್ಯ. ಮಗ ಅವರ ಮುಖ ಕಚ್ಚಿದ ಗುರುತು ಅವರ ಕೆನ್ನೆಯ ಮೇಲೆ ಬಹಳ ಕಾಲ ಇತ್ತು. ಆ ಕೇರಿಯಲ್ಲಿ ಅವರು ಹೀಗೆ ಎಷ್ಟೋ ಗಂಡುಮಕ್ಕಳನ್ನು ಎತ್ತಿ ನಿಲ್ಲಿಸಿದರು. ಆದ್ದರಿಂದ ಉಪ್ಪಕ್ಕ ಅವರ ಮುಂದೆ ಯಾವತ್ತೂ ದನಿ ಏರಿಸಲಿಲ್ಲ.

ಅವರು ವೇದಿಕೆ ಹತ್ತಿ ಹೇಳತೊಡಗಿದ್ದು ಇದು: "ಬಾಗಿಲಿಗೆ ಕುದುರೆ ಲಾಳ, ಚಳಿಗಾಲಕ್ಕೆ ಬಾಗಿಲಲ್ಲಿ ಹಸಿರೆಲೆ ಸುತ್ತಿ ನೇತುಹಾಕುವ ಬಳೆ, ಸತ್ತವರಿಗೆ ಕಿಟಕಿಯಲ್ಲಿ ದೀಪ, ಹೆಣದ ಮೇಲೆ ಉಪ್ಪು. ಎಲ್ಲಿಂದ ಬಂದವು ಇವು? ನಮ್ಮ ಪೂರ್ವಿಕರು ಸೂರ್ಯನಿಗೂ ಕಲ್ಲಿಗೂ ಗಾಳಿಗೂ ಹೆದರಿ ಸಾಯುತ್ತಿದ್ದ ಕಾಲದಿಂದ. ಹೆದರಿಕೆಯಿಂದ ಬಿಡಿಸಿದವನು ಬಂದಾಯಿತು. ಆ ಸೆರೆಮನೆಯ ಬೀಗದಕೈಯನ್ನು ಇನ್ನೂ ಯಾಕೆ ಜೇಬಲ್ಲಿಟ್ಟುಕೊಂಡಿದ್ದೀರಿ? ಕೈಯಾರೆ ಎತ್ತಿ ಬಿಸಾಡಿ."

ಅದಕ್ಕೆ ಹೊರಗೆ ಮೆಟ್ಟಿಲ ಮೇಲೆ ಜೋಕು ಹೊಡೆದವನು ಬೆಸುಗೆಯವನು. ಮುರಿದ ಗೇಟು, ಸೈಕಲ್ಲು ಬೆಸೆದುಕೊಡುವ ಅಂಗಡಿ ಅವನದು. ಉಪ್ಪಕ್ಕನ ಮಗನ ಜೊತೆ ಒಂದೇ ತಟ್ಟೆಯಲ್ಲಿ ತಿಂದು ಬೆಳೆದವನು. ಅಪ್ಪ ಬೆಲ್ಟು ತೆಗೆದಾಗ ಬಾಗಿಲು ಹಾಕುವ ಮುಂಚೆ ತಪ್ಪಿಸಿಕೊಂಡರೆ ಮಗ ಓಡಿಹೋಗಿ ಅಡಗುತ್ತಿದ್ದದ್ದು ಅವನ ಮನೆಯಲ್ಲೇ. "ಲೇ, ಭಾನು ಅಂದ್ರೆ ಸೂರ್ಯ ತಾನೆ? ನಾವು ಭಾನುವಾರ ಚರ್ಚಿಗೆ ಬರೋದು ಯಾಕೆ? ಅಯ್ಯನೋರು ಮೊದ್ಲು ಆ ಹೆಸರು ಎತ್ತಿ ಬಿಸಾಕ್ಲಿ" ಅಂದ. ಎಲ್ಲರೂ ನಕ್ಕರು. ಉಪ್ಪಕ್ಕನ ಮಗ ನಗಲಿಲ್ಲ.

ಮಾತು ಮಾತಾಗಿಯೇ ಉಳಿಯಲಿಲ್ಲ. ಕುಡಿತ ಬಿಟ್ಟ ಹುಡುಗರ ಗುಂಪೊಂದು ಕೇರಿಯಲ್ಲಿ ತಿರುಗತೊಡಗಿತು, ಉಪ್ಪಕ್ಕನ ಮಗ ಅದರ ಮುಂದಾಳು. ಬಾಗಿಲಿನ ಹಸಿರು ಬಳೆ ಕಿತ್ತು ತುಳಿದರು. ಕಿಟಕಿ ದೀಪಗಳನ್ನು ಕಲ್ಲು ಹೊಡೆದು ಆರಿಸಿದರು. ಚಪ್ಪಲಿ ಹೊಲಿಯುವ ಮುದುಕ ತನ್ನ ಲಾಳಕ್ಕೆ ಎರಡೂ ಕೈ ಅಡ್ಡ ಹಿಡಿದು ನಿಂತ. ಗುಂಪಿನಲ್ಲೊಬ್ಬ ಇಕ್ಕಳದಿಂದ ಲಾಳ ಕಿತ್ತು, ಅದರಿಂದಲೇ ಅವನ ದವಡೆಗೆ ಬೀಸಿದ. ಮುದುಕ ಹಲ್ಲುಗಳನ್ನು ಅಂಗೈಗೆ ಉಗಿದುಕೊಂಡು, ಅವು ಯಾರದೋ ಎಂಬಂತೆ ನೋಡುತ್ತಾ ಕೂತ. ಪಾದ್ರಿ ಮುಂದಿನ ಭಾನುವಾರ "ಹೀಗೆ ಮಾಡಬಾರದು" ಎಂದು ಗದರಿಸಿದರು. ಆದರೆ ಬಿಸಾಡಿ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಗುಂಪು ತಗಡಿನ ಕೋಣೆಗೂ ಬಂತು. ಮಗ ಒಳಬಂದು ಗೂಡಿನಲ್ಲಿದ್ದ ಉಪ್ಪಿನ ತಟ್ಟೆ ತೆಗೆದು ಕಲ್ಲಿನ ಮೇಜಿಗೆ ಬಡಿದ. ಚೂರು ಹಾರಿ ಅವನ ಹಣೆಯನ್ನೇ ಕುಯ್ದಿತು. ಉಪ್ಪಕ್ಕ ಬಕೆಟ್ಟಿನಲ್ಲಿದ್ದ ಒದ್ದೆ ಟವಲು ಎತ್ತಿ ಅವನ ಮುಖಕ್ಕೆ ಬಾರಿಸಿದಳು. ಒದ್ದೆ ಟವಲಿನ ಪೆಟ್ಟು ಸಣ್ಣದಲ್ಲ. ಅವನು ಗೋಡೆಗೆ ಹೋಗಿ ಬಡಿದ. ಮತ್ತೆ ಬಾರಿಸಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಹೊಡಿ. ನಾನು ತಿರುಗಿ ಹೊಡೆಯಲ್ಲ. ನಾನು ಅಪ್ಪ ಅಲ್ಲ."

"ಅಪ್ಪ ಅಲ್ವಾ? ಮುದುಕನ ಹಲ್ಲು ಉದುರಿಸಿದೋರ ಮುಂದೆ ನಿಂತಿದ್ದೋನು ಯಾರು ಹಾಗಾದ್ರೆ?"

"ಅದು ಸೈತಾನನ ಮೇಲೆ ಯುದ್ಧ ಅಮ್ಮ. ನಿನಗೆ ಅರ್ಥ ಆಗಲ್ಲ. ಈ ಉಪ್ಪು, ಈ ಕತ್ತಲೆ ಎಲ್ಲಾ ನಮ್ಮನೇಲಿ ಇದ್ದಿದ್ದಕ್ಕೇ ಅಪ್ಪ ಹಾಗಾಗಿದ್ದು."

ಉಪ್ಪಕ್ಕನ ಕೈಯಿಂದ ಟವಲು ಜಾರಿತು. ಇಷ್ಟು ವರ್ಷ ಹೊಡೆತ ತಿಂದದ್ದಕ್ಕೆ ತಾನೇ ಕಾರಣ ಎಂದು ಮಗ ಲೆಕ್ಕ ಹಾಕಿಟ್ಟಿದ್ದಾನೆ ಎನ್ನುವುದು ಅವಳಿಗೆ ಅವತ್ತೇ ಗೊತ್ತಾದದ್ದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಮಗನಿಗೆ ಎರಡೂ ಕಹಿಯಾಗಿದ್ದವು.

ಅದಾದ ಸ್ವಲ್ಪ ದಿನಕ್ಕೆ ಬೆಸುಗೆಯವನ ತಾಯಿ ತೀರಿಕೊಂಡಳು. ಸಾಯುವ ಮುಂಚೆ ಮಗನ ಕೈ ಹಿಡಿದು, "ನಂಗೆ ಉಪ್ಪಿಡಿಸು. ನಿಮ್ಮಪ್ಪನಿಗೆ ಇಟ್ಟಿದ್ರು, ನಂಗೂ ಇರಲಿ" ಎಂದು ಕೇಳಿಕೊಂಡಿದ್ದಳು. ಉಪ್ಪಕ್ಕ ಅವಳನ್ನು ತೊಳೆದು, ಬಾಚಿ, ಬಿಳಿ ಬಟ್ಟೆ ತೊಡಿಸಿ, ಹೊಸ ತಟ್ಟೆಯಲ್ಲಿ ಉಪ್ಪಿಟ್ಟಳು. ಬೆಸುಗೆಯವನೂ ಅವನ ಅಂಗಡಿಯ ಗೆಳೆಯರೂ ಮುಚ್ಚಳ ಹಾಕದ ಪೆಟ್ಟಿಗೆ ಹೊತ್ತು ಚರ್ಚಿನ ಮೆಟ್ಟಿಲಿಗೆ ಬಂದರು.

ಪಾದ್ರಿ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಗುಂಪು.

"ಅದನ್ನು ತೆಗೆದು ಒಳಗೆ ಬನ್ನಿ" ಅಂದರು ಪಾದ್ರಿ, ಮೆಲ್ಲಗೆ. "ಅದರ ಮೇಲೆ ನನ್ನ ಕೈಲಿ ಪ್ರಾರ್ಥನೆ ಮಾಡೋಕಾಗಲ್ಲ."

"ನಮ್ಮಮ್ಮನ ಕೊನೇ ಮಾತು ಅಯ್ಯನೋರೇ ಅದು" ಅಂದ ಬೆಸುಗೆಯವನು. ಅವನ ಕಣ್ಣುಗಳು ಬಾತುಕೊಂಡಿದ್ದವು.

ಉಪ್ಪಕ್ಕ ಮುಂದೆ ಬಂದಳು. "ಒಂದು ಕೆಲಸ ಮಾಡೋಣ. ತಟ್ಟೆ ನಾನು ಇಟ್ಕೊಂಡು ಇಲ್ಲೇ ಹೊರಗೆ ನಿಂತಿರ್ತೀನಿ. ಪ್ರಾರ್ಥನೆ ಮುಗೀಲಿ. ಸ್ಮಶಾನಕ್ಕೆ ಹೋಗೋ ದಾರೀಲಿ ಮತ್ತೆ ಇಡ್ತೀನಿ. ಅಯ್ಯನೋರ ಮಾತೂ ಉಳೀತು, ಅವಳ ಮಾತೂ ಉಳೀತು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಉಪಾಯ. ಬೆಸುಗೆಯವನು ಹೂಂ ಎಂದು ತಲೆಯಾಡಿಸಿದ. ಪಾದ್ರಿ ಕೂಡ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಉಪ್ಪಕ್ಕ ತಟ್ಟೆಗೆ ಕೈ ಚಾಚುವಷ್ಟರಲ್ಲಿ ಮಗ ಹಿಂದಿನಿಂದ ನುಗ್ಗಿ ಬಂದ. "ಸೈತಾನನ ಜೊತೆ ರಾಜಿನಾ!" ಎಂದು ಕಿರುಚಿ ಅಂಗೈಯಿಂದ ತಟ್ಟೆಯನ್ನು ಬೀಸಿ ಹೊಡೆದ.

ಉಪ್ಪು ಹಾರಿ ಹೆಣದ ಮುಖದ ಮೇಲೆ, ಮುಚ್ಚಿದ ರೆಪ್ಪೆಗಳ ಮೇಲೆ, ತುಟಿಗಳ ನಡುವೆ ಬಿತ್ತು. ಮುಂದಿನ ಎಡಮೂಲೆ ಹಿಡಿದಿದ್ದವನು ಬೆಚ್ಚಿ ಕೈಬಿಟ್ಟ. ಪೆಟ್ಟಿಗೆ ವಾಲಿತು, ಮೂಲೆ ಮೆಟ್ಟಿಲಿಗೆ ಬಡಿದು ಹಲಗೆ ಸೀಳಿತು, ಮುದುಕಿಯ ದೇಹ ಸೊಂಟದವರೆಗೂ ಹೊರಕ್ಕೆ ಜಾರಿ ತಲೆ ಕೆಳಗಾಗಿ ನೇತಾಡಿತು. ಬಾಚಿ ಕಟ್ಟಿದ್ದ ಬಿಳಿಕೂದಲು ಬಿಚ್ಚಿ ಕೆಸರು ಮುಟ್ಟಿತು.

ಬೆಸುಗೆಯವನು ಪ್ರಾಣಿಯ ಹಾಗೆ ಕೂಗಿದ. ಗೆಳೆಯನ ಗಂಟಲು ಎರಡೂ ಕೈಯಲ್ಲಿ ಹಿಡಿದ. ಕಬ್ಬಿಣ ಬಗ್ಗಿಸುವ ಕೈ ಅದು. ಉಪ್ಪಕ್ಕನ ಮಗನ ಮುಖ ಕಪ್ಪಿಟ್ಟಿತು, ಕಾಲು ಒದರಿದ. ಸುತ್ತ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದರು. ಯಾರೋ ಸೀಳಿದ ಹಲಗೆ ಕಿತ್ತು ಬೀಸಿದರು, ಯಾರದೋ ಮೂಗು ಒಡೆಯಿತು, ಹಾಡುವ ಹೆಂಗಸರು ಗೋಡೆಗೆ ಅಂಟಿ ಚೀರಿದರು. "ಬಿಡ್ರೋ, ಅವಳು ಕೆಳಗಿದ್ದಾಳೆ, ತುಳೀಬೇಡ್ರೋ!" ಎಂದು ಉಪ್ಪಕ್ಕ ಮುದುಕಿಯ ತಲೆಯ ಮೇಲೆ ತಾನೇ ಅಡ್ಡ ಬಿದ್ದಳು. ಅವಳ ಬೆನ್ನ ಮೇಲೆ ಬೂಟುಗಳು ಹಾದುಹೋದವು.

ಅಲ್ಲಿಂದಲೇ ಅವಳು ನೋಡಿದ್ದು. ಮಗ ಮೊಣಕಾಲೆತ್ತಿ ಬೆಸುಗೆಯವನ ಹೊಟ್ಟೆಗೆ ಗುದ್ದಿದ. ಹಿಡಿತ ಸಡಿಲವಾಯಿತು. ಮಗ ಎರಡೂ ಅಂಗೈಯಿಂದ ಅವನ ಎದೆಗೆ ನೂಕಿದ. ಬೆಸುಗೆಯವನು ಹಿಂದಕ್ಕೆ, ಮೆಟ್ಟಿಲ ಪಕ್ಕ ಬೂಟಿನ ಕೆಸರು ಕೆರೆದುಕೊಳ್ಳಲು ನೆಟ್ಟಿದ್ದ ಕಬ್ಬಿಣದ ಪಟ್ಟಿಯ ಮೇಲೆ ಕತ್ತು ಕೊಟ್ಟು ಬಿದ್ದ. ಆ ಪಟ್ಟಿಯನ್ನು ಅಲ್ಲಿ ಬೆಸೆದು ನಿಲ್ಲಿಸಿದ್ದವನು ಅವನೇ. ಮತ್ತೆ ಏಳಲಿಲ್ಲ.

ಮಗ ಅವನ ಪಕ್ಕ ಮಂಡಿಯೂರಿ, "ಏಳೋ, ಲೇ, ಏಳೋ" ಎಂದು ಭುಜ ಅಲ್ಲಾಡಿಸುತ್ತಲೇ ಇದ್ದ. ಬೆಸುಗೆಯವನ ಗೆಳೆಯರು ಅವನನ್ನು ಕಾಲು ಹಿಡಿದು ಎಳೆದು ಹೊಡೆದರು. ಅವನು ತಡೆಯಲಿಲ್ಲ. ಪೊಲೀಸರು ಬಂದು ಬಿಡಿಸಿಕೊಂಡು ವ್ಯಾನಿಗೆ ಎಸೆದಾಗ ಅವನ ಒಂದು ಕಿವಿ ಹರಿದು ನೇತಾಡುತ್ತಿತ್ತು. ಬೆಸುಗೆಯವನ ದೇಹವನ್ನೂ ಅವರೇ ಆಸ್ಪತ್ರೆಗೆ ಒಯ್ದರು.

ಪೊಲೀಸರ ವ್ಯಾನು ತಿರುವು ದಾಟಿದ್ದೇ ತಡ, ಜನ ಪಾದ್ರಿಯ ಕಡೆ ತಿರುಗಿದರು. ಹಲಗೆಯಿಂದ ಅವರ ಬಾಯಿಗೆ ಮೊದಲ ಪೆಟ್ಟು. ಎರಡನೆಯದು ಕಿವಿಯ ಮೇಲೆ. ಅವರು ಕೈ ಕೂಡ ಎತ್ತಲಿಲ್ಲ. ಉಪ್ಪಕ್ಕ ಎಲ್ಲಿಂದ ಶಕ್ತಿ ತಂದಳೋ, ಸೊಟ್ಟ ಭುಜವನ್ನೇ ಮುಂದೆ ಮಾಡಿ ನುಗ್ಗಿ, ಅವರ ಕಾಲರು ಹಿಡಿದು ಮೂಟೆಯ ಹಾಗೆ ದರದರ ಎಳೆದುಕೊಂಡು ತಗಡಿನ ಕೋಣೆಗೆ ನುಗ್ಗಿ ಒಳಗಿನಿಂದ ಅಗಣಿ ಹಾಕಿದಳು.

ಕಲ್ಲುಗಳು ತಗಡಿಗೆ ಬೀಳತೊಡಗಿದವು. ಒಳಗೆ ಕೂತರೆ ತಲೆಯೊಳಗೇ ಬಡಿದ ಹಾಗೆ.

"ಅಮ್ಮಾ, ಬಾಗಿಲು ತೆಗೀರಿ" ಅಂದರು ಪಾದ್ರಿ, ಬಾಯಿಂದ ರಕ್ತ ಸುರಿಯುತ್ತಾ. "ಅವರಿಗೆ ಬೇಕಾಗಿರೋದು ನಾನು."

"ಸುಮ್ನೆ ಕೂತ್ಕೊಳ್ಳಿ. ಇವತ್ತಿಗೆ ಎರಡು ಹೆಣ ಆಯ್ತು. ಮೂರನೇದು ತೊಳೆಯೋಕೆ ನನ್ನ ಕೈಲಿ ಆಗಲ್ಲ."

ಅವರು ಕಲ್ಲಿನ ಮೇಜಿಗೆ ಒರಗಿ ಕೂತರು. "ನಾನು ಬಿಸಾಡಿ ಅಂದೆ. ಹೊಡೀರಿ ಅನ್ನಲಿಲ್ಲ."

"ಗೊತ್ತು. ನಾನೂ ಮೂರನೇ ಸಾಲಲ್ಲಿ ಕೂತಿದ್ದೆ. ಆದ್ರೆ ಯಾರಿಗೆ ಹೇಳಿದ್ರಿ ನೋಡಿ. ಬೆಲ್ಟಿನೇಟು ತಿಂದು ಬೆಳೆದೋರಿಗೆ. ಬಿಸಾಡೋದು ಬೇರೆ, ಹೊಡೆಯೋದು ಬೇರೆ ಅಂತ ಅವರ ಕೈಗೆ ಯಾರು ಕಲಿಸಿದ್ರು?" ಒಂದು ಕಲ್ಲು ಕಿಟಕಿ ಒಡೆದು ಒಳಬಂದು ನಲ್ಲಿಗೆ ಬಡಿಯಿತು. ಅವಳು ಕದಲಲಿಲ್ಲ. "ಅಯ್ಯನೋರೇ, ಒಂದು ಕೇಳ್ತೀನಿ. ಹಿಡಿ ಉಪ್ಪಿನ ಮೇಲೆ ನಿಮಗೆ ಇಷ್ಟು ಸಿಟ್ಟು ಯಾಕೆ?"

ಪಾದ್ರಿ ಬಾಯಿಯ ರಕ್ತವನ್ನು ಅಂಗಿಯ ತೋಳಿಗೆ ಒರೆಸಿಕೊಂಡರು. ಆಮೇಲೆ ಹೇಳಿದರು. ಅವರಿಗೊಬ್ಬಳು ತಂಗಿಯಿದ್ದಳು. ಜ್ವರ ಬಂದು ಫಿಟ್ಸ್ ಶುರುವಾಯಿತು. ಅಪ್ಪ ಅಮ್ಮ ಚರ್ಚಿಗೆ ಹೋಗುವವರೇ. "ಮೊದಲು ಉಪ್ಪು ನಿವಾಳಿಸಿದ್ರು. ಇಳೀಲಿಲ್ಲ. ಆಮೇಲೆ ಹೊಗೆ ಹಾಕಿದ್ರು. ಆಮೇಲೆ ಹಳಬರು ಮಾಡ್ತಿದ್ರು ಅಂತ ಕಬ್ಬಿಣ ಕಾಸಿ ಹೊಟ್ಟೆಗೆ ಇಟ್ರು. ಕಾಲು ಹಿಡ್ಕೋ ಅಂತ ನನಗೆ ಹೇಳಿದ್ರು. ಹಿಡ್ಕೊಂಡೆ. ಡಾಕ್ಟರ ಮನೆ ನಮ್ಮ ಬೀದೀಲೇ ಇತ್ತು ಅಮ್ಮಾ. ಅವಳು ಸತ್ತಿದ್ದು ಜ್ವರಕ್ಕಲ್ಲ. ಎಲ್ಲಾ ಉಪ್ಪಿನಿಂದಲೇ ಶುರುವಾಗಿತ್ತು."

ಉಪ್ಪಕ್ಕ ಬಕೆಟ್ಟಿನಿಂದ ನೀರು ತೆಗೆದು ಅವರ ಮುಖ ಒರೆಸಿದಳು, ಹೆಣಗಳಿಗೆ ಒರೆಸುವ ಹಾಗೆಯೇ, ಹಣೆಯಿಂದ ಕೆಳಕ್ಕೆ.

"ನನ್ನ ಗಂಡ ಒಂದೇ ಒಂದು ಹಳೇ ಪದ್ಧತಿ ನಂಬ್ತಿರ್ಲಿಲ್ಲ" ಅಂದಳು. "ಬಾಗಿಲಿಗೆ ಲಾಳ ಇಲ್ಲ, ಕಿಟಕಿಗೆ ದೀಪ ಇಲ್ಲ. ಬಾಯಿ ತೆಗೆದ್ರೆ ಕೀರ್ತನೆ. ಅದೇ ಬಾಯಲ್ಲಿ, ಬೆಲ್ಟು ತಗೊಂಬಾ ಅಂತಿದ್ದ."

"ಹಾಗಾದ್ರೆ ಕೇಡು ಎಲ್ಲಿರುತ್ತೆ ಅಂತೀರಿ?"

"ನಂಗೇನು ಗೊತ್ತು? ನಾನು ಮೈ ತೊಳೆಯೋಳು. ಒಳಗಿಂದು ನಿಮ್ಮ ಇಲಾಖೆ."

ಅವರಿಗೆ ನಗು ಬಂತು. ಬಂದ ನಗುವಿಗೆ ಹಲ್ಲೊಂದು ಕಳಚಿ ಬಿತ್ತು. ಆಗಲೇ ಅವರು ಅಳತೊಡಗಿದ್ದು.

ಕಲ್ಲು ನಿಂತಿತು. ಬಾಗಿಲು ತಟ್ಟಿದ ಸದ್ದು. "ಉಪ್ಪಕ್ಕ, ನಾನು. ತೆಗಿ." ಬೆಸುಗೆಯವನ ಹೆಂಡತಿಯ ದನಿ.

ಅವಳ ಹಿಂದೆ ನಾಲ್ವರು ಮುದುಕಿಯ ದೇಹವನ್ನು ಜಮಖಾನೆಯಲ್ಲಿ ಹೊತ್ತು ನಿಂತಿದ್ದರು. ಗುಂಪು ಅವಳ ದಾರಿಗೆ ಅಡ್ಡ ಬಾರದೆ ದೂರ ಸರಿದಿತ್ತು. ಅವಳು ಒಳಬಂದು ಪಾದ್ರಿಯನ್ನು ನೋಡಿದಳು. ಉಪ್ಪಕ್ಕನಿಗೆ, "ಅತ್ತೆಗೆ ಕೆಸರಾಗಿದೆ. ಇನ್ನೊಂದ್ಸಲ ತೊಳಿ" ಅಂದಳು. ಆಮೇಲೆ ಪಾದ್ರಿಯ ಕಡೆಗೆ ತಿರುಗಿ, "ನೀವು ನೀರು ಹೊತ್ಕೊಂಡು ಬನ್ನಿ" ಅಂದಳು.

ಪಾದ್ರಿ ನೀರು ಹೊತ್ತರು. ಮುದುಕಿಯ ರೆಪ್ಪೆಯ ಸಂದಿನಿಂದ ಉಪ್ಪಕ್ಕ ಒಂದೊಂದೇ ಹರಳು ತೆಗೆಯುವಾಗ ದೀಪ ಹಿಡಿದರು. ಮತ್ತೆ ತಟ್ಟೆ ಇಟ್ಟಾಗ ಅವರು, "ನನ್ನ ಮನಸ್ಸು ಬದಲಾಗಿಲ್ಲ" ಅಂದರು. ತಟ್ಟೆ ಇದ್ದ ಹಾಗೆಯೇ ಅವರು ಒಡೆದ ಬಾಯಿಂದ ಪ್ರಾರ್ಥನೆ ಮಾಡಿದರು, ಅರ್ಧ ಮಾತು ಅರ್ಥವಾಗಲಿಲ್ಲ. ಹೊತ್ತು ಮುಳುಗುವ ಮುಂಚೆ ಮುದುಕಿಯನ್ನು ಮಣ್ಣು ಮಾಡಿದರು.

ಮಾರನೆಯ ದಿನ ಬೆಸುಗೆಯವನ ದೇಹ ಆಸ್ಪತ್ರೆಯಿಂದ ಬಂತು, ಕತ್ತಿನಿಂದ ಹೊಟ್ಟೆಯವರೆಗೆ ಹೊಲಿಗೆ ಹಾಕಿ. ಉಪ್ಪಕ್ಕ ನೀರು ಕಾಯಿಸಿ, ಟವಲು ಮಡಚಿ ಸಿದ್ಧವಾಗಿದ್ದಳು. ಅವನ ಹೆಂಡತಿ ಬಾಗಿಲಲ್ಲೇ ತಡೆದಳು.

"ನಿನ್ನ ಕೈಯಿಂದ ಬೇಡ."

"ಬೇರೆ ಯಾರಿಗೂ ಬರಲ್ವಲ್ಲೇ ತಾಯಿ."

"ನಾನೇ ತೊಳೀತೀನಿ. ನೀನು ಹೊರಗೆ ಹೋಗು."

ಉಪ್ಪಕ್ಕ ಹೊರಗೆ ಹೋದಳು. ಬಾಗಿಲು ಮುಚ್ಚಿತು. ಒಳಗೆ ಬಕೆಟ್ಟು ಉರುಳಿದ ಸದ್ದು, ಆಮೇಲೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ ಒಡೆದ ದನಿಯೊಂದು ಕೇಳಿತು: "ಕೈ ಬಗ್ತಾ ಇಲ್ಲ."

"ಎಳೀಬೇಡ" ಅಂದಳು ಉಪ್ಪಕ್ಕ, ತಗಡಿನ ಬಾಗಿಲಿಗೆ ಬಾಯಿ ಹಚ್ಚಿ. "ಮೊಣಕೈ ತಿಕ್ಕು. ಬಿಸಿನೀರಿನ ಬಟ್ಟೆ ಸುತ್ತಿ ತಿಕ್ಕು. ಒಪ್ಕೊಳ್ತಾನೆ."

ಸ್ವಲ್ಪ ಹೊತ್ತಿಗೆ: "ಹೊಲಿಗೇಲಿ ನೀರು ಜಿನುಗ್ತಿದೆ."

"ಹತ್ತಿ ಒತ್ತು. ಅದರ ಮೇಲೆ ಅಗಲ ಬಟ್ಟೆ ಬಿಗಿಯಾಗಿ ಕಟ್ಟು. ಹೆದರಬೇಡ, ಅವನಿಗೆ ನೋಯಲ್ಲ."

ಹೀಗೆ ಒಬ್ಬಳು ಒಳಗೆ, ಒಬ್ಬಳು ಹೊರಗೆ, ಅವನನ್ನು ಪಾದದವರೆಗೆ ತೊಳೆದು ಮುಗಿಸಿದರು. ಕೊನೆಗೆ ಒಳಗಿನಿಂದ ಪ್ರಶ್ನೆ ಬಂತು: "ಇನ್ನೇನಾದ್ರೂ ಇದ್ಯಾ?"

ಉಪ್ಪಿನ ಡಬ್ಬ ಒಳಗೆ ಗೂಡಿನಲ್ಲೇ ಇತ್ತು, ಅವಳ ಕಣ್ಣಿಗೆ ಬೀಳುವ ಹಾಗೆ. ಉಪ್ಪಕ್ಕ ಬಾಗಿಲಿಗೆ ಹಣೆ ಒತ್ತಿ ನಿಂತಳು.

"ಇಲ್ಲ. ಇಷ್ಟೇ" ಅಂದಳು.

ಪೆಟ್ಟಿಗೆ ಹೊರಬಂದಾಗ ಮುಚ್ಚಳಕ್ಕೆ ಮೊಳೆ ಹೊಡೆದಾಗಿತ್ತು. ಒಳಗೆ ಉಪ್ಪಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ, ಹೆಂಡತಿಯೂ ಹೇಳಲಿಲ್ಲ.

ಕೋರ್ಟಿನಲ್ಲಿ ಉಪ್ಪಕ್ಕನನ್ನು ಸಾಕ್ಷಿಗೆ ಕರೆದರು. ತಾಯಿ ಏನೂ ನೋಡಲಿಲ್ಲ ಎಂದರೆ ನಡೆಯುತ್ತದೆ ಎಂದು ವಕೀಲರು ಮೊದಲೇ ಕಿವಿಯಲ್ಲಿ ಊದಿದ್ದರು. ಅವಳು ಕಟಕಟೆ ಹತ್ತಿ, "ನೂಕಿದ. ಎರಡೂ ಕೈಯಿಂದ ನೂಕಿದ. ಸಾಯಲಿ ಅಂತ ನೂಕಲಿಲ್ಲ. ಅದನ್ನೂ ನಾನು ನೋಡಿದ್ದೇನೆ, ಇದನ್ನೂ ನೋಡಿದ್ದೇನೆ" ಅಂದಳು. ಪಾದ್ರಿಯೂ ಕರೆಸಿಕೊಳ್ಳದೆ ಬಂದು, ಬಿಸಾಡಿ ಎಂದು ಹೇಳಿಕೊಟ್ಟವನು ನಾನು ಎಂದರು. ಮಗನಿಗೆ ಸಜೆಯಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಯಾರೋ ಹಿಂದಿನ ಬೆಂಚಿನಲ್ಲಿ ಅಂದದ್ದು ಅವಳಿಗೆ ಕೇಳಿಸಿತು.

ಜೈಲಿಗೆ ಹೋದ ಮೊದಮೊದಲು ಮಗ ಅವಳನ್ನು ನೋಡಲು ಒಪ್ಪಲಿಲ್ಲ. ಅವಳು ಬಸ್ಸು ಹತ್ತಿ ಹೋಗುವುದು, ಕಬ್ಬಿಣದ ಜಾಲರಿಯ ಈಚೆ ಕೂರುವುದು, ಇಲ್ಲ ಅನ್ನಿಸಿಕೊಂಡು ವಾಪಸು ಬರುವುದು. ಕೊನೆಗೊಮ್ಮೆ ಬಂದ. ಹರಿದ ಕಿವಿ ಕೂಡಿಕೊಳ್ಳದೆ ಮುರುಟಿತ್ತು. "ಅವನ ಕೈ ನನ್ನ ಗಂಟಲ ಮೇಲೆ ಇನ್ನೂ ಇದೆ ಅಮ್ಮ. ಉಸಿರು ಬಿಡುವಾಗೆಲ್ಲ ಗೊತ್ತಾಗುತ್ತೆ" ಅಂದ. ಅವಳು ಜಾಲರಿಯಲ್ಲಿ ಬೆರಳು ತೂರಿಸಿದಳು. ಅವನು ಆ ಬೆರಳನ್ನು ಹಣೆಗೆ ಒತ್ತಿಕೊಂಡ. ಅವತ್ತಿನಿಂದ ಅಮ್ಮ ಬಂದಾಗೆಲ್ಲ ಬರುತ್ತಿದ್ದ.

ಕೇರಿಯಲ್ಲಿ ಸಭೆ ಎರಡಾಯಿತು. ಪಾದ್ರಿಗೆ ಒಂದು ಕಿವಿ ಕೇಳದಾಯಿತು. ಆದರೂ ಊರು ಬಿಡಲಿಲ್ಲ. ಅರ್ಧ ಜನ ಉಪ್ಪಕ್ಕನನ್ನು ಹೆಣಕ್ಕೆ ಕರೆಯುವುದನ್ನೇ ಬಿಟ್ಟರು. ಕೊಲೆಗಾರನ ತಾಯಿ ಎಂದು ಕೆಲವರು, ಉಪ್ಪಿನವಳು ಎಂದು ಕೆಲವರು. ಅವರೆಲ್ಲ ಕರೆಯತೊಡಗಿದ್ದು ಬೆಸುಗೆಯವನ ಹೆಂಡತಿಯನ್ನು. ಒಂದೇ ಕೋಣೆಗೆ ಇಬ್ಬರಾದರು. ಒಬ್ಬಳು ಬಂದರೆ ಇನ್ನೊಬ್ಬಳು ಹೋಗುವುದು, ಮುಖ ನೋಡದೆ. ಸಂತೆಯಲ್ಲಿ ಎದುರಾದಾಗ ಅವಳು ಒಮ್ಮೆ ಉಪ್ಪಕ್ಕನ ಕೆನ್ನೆಗೆ, ಎಲ್ಲರೂ ನೋಡುವ ಹಾಗೆ, ಬಾರಿಸಿದ್ದಳು. ಉಪ್ಪಕ್ಕ ಚೆಲ್ಲಿದ ತರಕಾರಿ ಆಯ್ದುಕೊಂಡು ಮನೆಗೆ ಹೋದಳು.

ಹಾಗೆ ವರ್ಷಗಳು ಕಳೆದವು. ಆಮೇಲೆ ಕಾರ್ಖಾನೆಯ ಬಾಯ್ಲರು ಸಿಡಿಯಿತು. ಮಧ್ಯಾಹ್ನದ ಪಾಳಿ ಪೂರ್ತಿ ಒಳಗಿತ್ತು. ಕುದಿನೀರಿನಲ್ಲಿ ಬೆಂದವರು, ಗೋಡೆ ಬಿದ್ದು ನುಜ್ಜಾದವರು. ಚರ್ಚಿನ ಅಂಗಳದಲ್ಲಿ ಹಲಗೆ ಸಾಲದೆ ಬಾಗಿಲುಗಳನ್ನು ಕಿತ್ತು ಮಲಗಿಸಿದರು. ಉಪ್ಪಕ್ಕ ಕೋಣೆಗೆ ಓಡಿ ಬಂದಾಗ ಬೆಸುಗೆಯವನ ಹೆಂಡತಿ ಆಗಲೇ ಒಳಗಿದ್ದಳು, ಮೊದಲ ದೇಹದ ಮುಂದೆ. ಚರ್ಮ ಬಟ್ಟೆಯ ಜೊತೆಯೇ ಕಿತ್ತು ಬರುತ್ತಿತ್ತು. ಉಪ್ಪಕ್ಕ ಹೊಸ್ತಿಲಲ್ಲಿ ನಿಂತಳು. ಒಳಗೆ ಹೋಗಲೋ ಬೇಡವೋ.

"ಏನು ನೋಡ್ತಾ ನಿಂತಿದೀಯ?" ಅಂದಳು ಅವಳು, ತಲೆ ಎತ್ತದೆ. "ಆ ಕಡೆ ಹಿಡ್ಕೋ."

ಇಬ್ಬರೂ ಒಂದೇ ಮೇಜಿನ ಎರಡು ಬದಿ ನಿಂತು ಒಬ್ಬೊಬ್ಬರನ್ನೇ ತೊಳೆದರು. ಪಾದ್ರಿ ನೀರು ಹೊತ್ತು ತಂದು ಸುರಿದು ಹೋಗುತ್ತಿದ್ದರು. ಹೊರಗೆ ಕಾದಿದ್ದ ಮನೆಯವರನ್ನು ಉಪ್ಪಕ್ಕ, "ಉಪ್ಪು ಇಡ್ಲಾ, ಬಿಡ್ಲಾ?" ಎಂದು ಕೇಳುತ್ತಿದ್ದಳು. ಕೆಲವರು ಇಡು ಅಂದರು, ಕೆಲವರು ಬೇಡ ಅಂದರು, ಕೆಲವರಿಗೆ ಪ್ರಶ್ನೆಯೇ ಕೇಳಿಸಲಿಲ್ಲ. ಹೇಳಿದಂತೆ ಮಾಡಿದಳು. ಪಾದ್ರಿ ಎಲ್ಲರ ಮೇಲೂ ಪ್ರಾರ್ಥನೆ ಮಾಡಿದರು.

ಕೆಲಸ ಮುಗಿದು ಇಬ್ಬರೂ ನಲ್ಲಿಯಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಾಗ ಬೆಸುಗೆಯವನ ಹೆಂಡತಿ ಕೇಳಿದಳು: "ನಿನ್ನ ಮಗ ಯಾವಾಗ ಬರ್ತಾನೆ?"

"ಬರೋ ವರ್ಷ."

ಅವಳು ಕೈ ಒದರಿ, ಟವಲು ತೆಗೆದುಕೊಂಡು ಒರೆಸಿಕೊಂಡಳು. ಬೆರಳ ಸಂದು, ಉಗುರು, ಮಣಿಕಟ್ಟು.

"ಬರ್ಲಿ" ಅಂದಳು. "ಬಂದು ನನ್ನ ಕಣ್ಣು ನೋಡಿ ಮಾತಾಡ್ಲಿ. ಕದ್ದು ಓಡಾಡೋದು ಬೇಡ ಅಂತ ಹೇಳು."

"ಹೇಳ್ತೀನಿ" ಅಂದಳು ಉಪ್ಪಕ್ಕ.

ಅವಳು ಅದೇ ಟವಲನ್ನು ಉಪ್ಪಕ್ಕನ ಕೈಗೆ ಕೊಟ್ಟು ಮನೆ ಕಡೆ ನಡೆದಳು.